ನಾಲ್ಕು ಮೀಟರಿನೊಳಗಿನ ಭೌತಶಾಸ್ತ್ರ

ಹೊಸ ಕಾರು ಮನೆಗೆ ಬಂದಾಗ ಎಲ್ಲರೂ ಬಣ್ಣ ನೋಡುತ್ತಾರೆ, ಡಿಕ್ಕಿ ತೆಗೆದು ಎಷ್ಟು ಚೀಲ ಹಿಡಿಯುತ್ತದೆಂದು ಅಂದಾಜು ಮಾಡುತ್ತಾರೆ, ಪೂಜೆ ಮಾಡಿಸಿ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡಿಸುತ್ತಾರೆ. ಟೇಪು ಹಿಡಿದು ಅದರ ಉದ್ದ ಅಳೆಯುವವರು ಮಾತ್ರ ಸಿಗುವುದಿಲ್ಲ. ಅಳೆದರೆ ಸೋಜಿಗವೊಂದು ಕಾಣುತ್ತದೆ. ಬಾಲೆನೊ 3,990 ಮಿಲಿಮೀಟರು, ಆಲ್ಟ್ರೋಜ್ 3,990, ಐ20 3,995, ಡಿಜೈರ್ 3,995. ಕಂಪನಿಗಳು ಬೇರೆ, ಕಾರ್ಖಾನೆಗಳು ಬೇರೆ, ವಿನ್ಯಾಸಕಾರರು ಬೇರೆ. ಆದರೂ ಎಲ್ಲವೂ ನಾಲ್ಕು ಮೀಟರಿನ ಗೆರೆ ಮುಟ್ಟದಂತೆ ಉಸಿರು ಬಿಗಿಹಿಡಿದು ನಿಂತಿವೆ.

ಆ ಗೆರೆ ಎಳೆದದ್ದು ಎಂಜಿನಿಯರುಗಳಲ್ಲ, ಹಣಕಾಸು ಸಚಿವಾಲಯ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎನಿಸಿಕೊಳ್ಳಲು ಉದ್ದ ನಾಲ್ಕು ಮೀಟರು ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು, ಡೀಸೆಲ್ ಆದರೆ 1,500 ಸಿಸಿ. ಅಂದಿನಿಂದ ಭಾರತದ ಕಾರಿನ ಆಕಾರವನ್ನು ತೆರಿಗೆಯೇ ತಿದ್ದುತ್ತ ಬಂದಿದೆ. 2008ರಲ್ಲಿ ಇಂಡಿಗೋ ಸಿಎಸ್ ತನ್ನ ಹಿಂಭಾಗ ಕತ್ತರಿಸಿಕೊಂಡು ಬಂತು. ಅದರ ಹಿಂದೆಯೇ ಡಿಕ್ಕಿ ಮೊಂಡಾದ ಸೆಡಾನುಗಳ ಸಾಲು. ಬೇರೆ ದೇಶಗಳಲ್ಲಿ ಇಂಥ ಆಕಾರ ಅಪರೂಪ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗಲೂ ಅದೇ ಗೆರೆ ಉಳಿಯಿತು: ಒಳಗಿದ್ದರೆ ಶೇ. 18, ಆಚೆಗೆ ಹೋದರೆ ಶೇ. 40. ನಿಮ್ಮ ಕಾರಿನ ಎಂಜಿನ್ 1,197 ಸಿಸಿ ಎಂಬ ವಿಚಿತ್ರ ಅಂಕಿ ಏಕೆ ಹೊತ್ತಿದೆ ಎಂಬುದಕ್ಕೂ ಇದೇ ಉತ್ತರ.

ಕಾರು ಸಣ್ಣದಾಗಲು ನಾಲ್ಕು ಮೀಟರೂ ಬೇಕಿಲ್ಲ ಎನ್ನಿ. ಬೆಂಗಳೂರಿನಲ್ಲಿ ಚೇತನ್ ಮೈನಿ 2001ರಲ್ಲಿ ಬೀದಿಗಿಳಿಸಿದ ವಿದ್ಯುತ್ ಕಾರು ರೇವಾ ಎರಡೂಮುಕ್ಕಾಲು ಮೀಟರಿಗಿಂತ ಗಿಡ್ಡ ಇತ್ತು. ಕಾಲಕ್ಕೆ ಮುಂಚೆ ಹುಟ್ಟಿದ ಕಾರು ಅದು. ಆದರೆ ಐದು ಜನ ಕೂರಬೇಕು, ಊರಿಗೆ ಹೋಗುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ತುಂಬಬೇಕು, ಬೆಲೆಯೂ ಕೈಗೆಟುಕಬೇಕು ಎಂದರೆ ನಾಲ್ಕು ಮೀಟರಿನೊಳಗೆ ಹಲವು ರಾಜಿಗಳನ್ನು ಮಾಡಿಕೊಳ್ಳಲೇಬೇಕು. ಸಣ್ಣ ಕಾರಿನ ಪರಿಚಯವೆಂದರೆ ಆ ರಾಜಿಗಳು ಎಲ್ಲೆಲ್ಲಿ ನಡೆದಿವೆ ಎಂದು ತಿಳಿಯುವುದು. ಷೋರೂಮಿನಲ್ಲಿ ಟಚ್‌ಸ್ಕ್ರೀನ್ ತೋರಿಸುತ್ತಾರೆ, ಇವನ್ನು ತೋರಿಸುವುದಿಲ್ಲ.

ಬಾನೆಟ್ ಎತ್ತಿ

ಮೊದಲನೆಯ ರಾಜಿ ಬಾನೆಟ್ ಎತ್ತಿದೊಡನೆ ಕಾಣುತ್ತದೆ. ಎಂಜಿನ್ ಅಡ್ಡಲಾಗಿ ಮಲಗಿದೆ. ಹಳೆಯ ಅಂಬಾಸಿಡರಿನಲ್ಲಿ ಅದು ಉದ್ದಕ್ಕೆ ಕೂತು, ಹಿಂದೆ ಗೇರ್‌ಬಾಕ್ಸು, ಅದರ ಹಿಂದೆ ಕಾರಿನುದ್ದಕ್ಕೂ ತಿರುಗುವ ಕಬ್ಬಿಣದ ದಂಡ, ಕೊನೆಗೆ ಹಿಂದಿನ ಚಕ್ರ ಎಂಬ ಮೆರವಣಿಗೆ ಇತ್ತು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಪುಟ್ಟ ಕಾರಿಗೆ ಬೇಡಿಕೆ ಹುಟ್ಟಿತು. ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರ್ ಎಂಜಿನನ್ನು ತೊಂಬತ್ತು ಡಿಗ್ರಿ ತಿರುಗಿಸಿ ಅಡ್ಡ ಇಟ್ಟು, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟ. 1959ರಲ್ಲಿ ಬಂದ ಆತನ ಮಿನಿ ಕಾರು ಮೂರು ಮೀಟರಿಗಿಂತ ತುಸುವೇ ಉದ್ದವಿದ್ದರೂ ನಾಲ್ವರನ್ನು ಕೂರಿಸಿಕೊಳ್ಳುತ್ತಿತ್ತು. ಆದರೆ ಆತ ಗೇರ್‌ಬಾಕ್ಸನ್ನು ಎಂಜಿನ್ನಿನ ಹೊಟ್ಟೆಯೊಳಗೇ ಇಟ್ಟು ಎರಡಕ್ಕೂ ಒಂದೇ ಆಯಿಲ್ ಹಂಚಿದ್ದ. ಇಟಲಿಯ ಡಾಂಟೆ ಜಿಯಾಕೋಸಾ 1964ರ ಆಟೋಬಿಯಾಂಕಿ ಪ್ರಿಮ್ಯುಲಾದಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿನ ಪಕ್ಕಕ್ಕೆ ಜೋಡಿಸಿ ಆ ತೊಡಕು ಬಿಡಿಸಿದ. ಇವತ್ತಿನ ಹ್ಯಾಚ್‌ಬ್ಯಾಕುಗಳೆಲ್ಲ ಹೆಚ್ಚುಕಡಿಮೆ ಜಿಯಾಕೋಸಾನ ಮೊಮ್ಮಕ್ಕಳೇ.

ಇದರಿಂದ ಕಾಲಿಡಲು ಜಾಗ ಸಿಕ್ಕಿತು, ತೂಕ ಮಾತ್ರ ಮೂಗಿಗೆ ಬಂತು. ಚಾಲಕ ಒಬ್ಬನೇ ಇರುವಾಗ ಸಣ್ಣ ಕಾರಿನ ತೂಕದ ಸುಮಾರು ಶೇ. 60 ಮುಂದಿನ ಎರಡು ಚಕ್ರಗಳ ಮೇಲಿರುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಮೂರೂ ಕೆಲಸ ಆ ಎರಡು ಟೈರುಗಳದ್ದೇ. ತಿರುವಿನಲ್ಲಿ ವೇಗ ಜಾಸ್ತಿಯಾದರೆ ಮೊದಲು ಸೋಲುವುದೂ ಅವೇ. ಸ್ಟೇರಿಂಗ್ ತಿರುಗಿಸಿದ್ದರೂ ಕಾರು ನೇರಕ್ಕೆ ಜಾರುತ್ತದೆ. ಆಗುಂಬೆಯ ಹೇರ್‌ಪಿನ್ ತಿರುವುಗಳನ್ನು ಮಳೆಯಲ್ಲಿ ಹತ್ತುವಾಗ ಇನ್ನೊಂದು ಗುಣ ಗೊತ್ತಾಗುತ್ತದೆ. ಹಿಂದೆ ಮೂವರು, ಡಿಕ್ಕಿಯಲ್ಲಿ ಸಾಮಾನು, ಮೇಲೆ ಏರಿನ ಓಟ. ಇಷ್ಟೂ ಸೇರಿ ತೂಕ ಹಿಂದಕ್ಕೆ ವಾಲಿ, ಎಳೆಯಬೇಕಾದ ಮುಂದಿನ ಚಕ್ರಗಳ ಮೇಲಿನ ಒತ್ತಡ ಇಳಿಯುತ್ತದೆ. ತಿರುವಿನ ಒಳಗಿನ ಚಕ್ರ ಗರ್ರೆಂದು ಸುತ್ತಿ ಸುಮ್ಮನಾದರೆ ಕಾರಿನಲ್ಲಿ ದೋಷವಿದೆ ಎಂದುಕೊಳ್ಳಬೇಡಿ. ಆಕ್ಸಿಲರೇಟರಿನಿಂದ ಕಾಲು ಸ್ವಲ್ಪ ಸಡಿಲಿಸಿ.

ಎಂಜಿನ್ ಅಡ್ಡ ಇಟ್ಟ ಮೇಲೆ ಅದರ ಉದ್ದವೂ ಕಮ್ಮಿಯಾಗಬೇಕಾಯಿತು, ಏಕೆಂದರೆ ಪಕ್ಕದಲ್ಲೇ ಗೇರ್‌ಬಾಕ್ಸು ಕೂರಬೇಕು. ಈಗಿನ ಸಣ್ಣ ಕಾರುಗಳಲ್ಲಿ ಮೂರು ಸಿಲಿಂಡರಿನ ಎಂಜಿನ್ನುಗಳು ಹೆಚ್ಚಲು ಇದೂ ಒಂದು ಕಾರಣ. ಸಿಲಿಂಡರ್ ಒಂದು ಕಡಿಮೆಯಾದರೆ ಉಜ್ಜುವ ಭಾಗಗಳು ಕಡಿಮೆ, ಗೋಡೆಗಳ ಮೂಲಕ ಸೋರಿಹೋಗುವ ಶಾಖವೂ ಕಡಿಮೆ, ಹಾಗಾಗಿ ಪೆಟ್ರೋಲು ಉಳಿಯುತ್ತದೆ. ಬದಲಿಗೆ ಒಂದು ನಡುಕ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 750 ಆರ್‌ಪಿಎಂನಲ್ಲಿ ಸುಮ್ಮನೆ ಓಡುತ್ತಿರುವಾಗ ಸೆಕೆಂಡಿಗೆ 25 ದಹನಗಳಾಗುತ್ತವೆ, ಮೂರರದ್ದಾದರೆ ಸುಮಾರು 19. ನಡುವಿನ ಬಿಡುವು ಹೆಚ್ಚಾದಷ್ಟೂ ಪ್ರತಿ ತಳ್ಳು ಮೈಗೆ ಗೊತ್ತಾಗುತ್ತದೆ. ಅದರ ಮೇಲೆ, ಮೂರು ಪಿಸ್ಟನ್ನುಗಳ ಸಾಲಿನಲ್ಲಿ ಒಂದು ತುದಿಯದ್ದು ಮೇಲೇಳುವಾಗ ಇನ್ನೊಂದು ತುದಿಯದ್ದು ಬೇರೆಯೇ ಹಂತದಲ್ಲಿದ್ದು ಇಡೀ ಎಂಜಿನ್ ತುದಿಯಿಂದ ತುದಿಗೆ ತೊನೆಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಗೇರ್ ಹಿಡಿಯ ಮೇಲಿಟ್ಟ ಕೈಗೆ ತಾಗುವ ಸಣ್ಣ ಜುಂ ಅದೇ. ಹೊಸ ಕಾರು ಕೊಂಡವರಲ್ಲಿ ಎಷ್ಟೋ ಜನ ಇದನ್ನೇ ಹಿಡಿದು ಸರ್ವಿಸ್ ಸೆಂಟರಿಗೆ ಅಲೆಯುತ್ತಾರೆ. 1983ರಲ್ಲಿ ಬಂದ ಮಾರುತಿ 800ರಲ್ಲೂ ಮೂರೇ ಸಿಲಿಂಡರ್ ಇದ್ದದ್ದು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮೊದಲ ಸಾವಿರ ಕಿಲೋಮೀಟರ್ ನಿಧಾನ ಓಡಿಸಿ ಎಂಬ ಮಾತಿಗೂ ಬಾನೆಟ್ಟಿನ ಒಳಗೇ ಅರ್ಥವಿದೆ. ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಆಯಿಲ್ ಹಿಡಿದಿಡಲೆಂದು ಕಾರ್ಖಾನೆಯಲ್ಲೇ ಅದರ ಮೇಲೆ ಅತಿ ಸಣ್ಣ ಓರೆ ಗೀರುಗಳನ್ನು ಹೊಡೆದಿರುತ್ತಾರೆ. ಪಿಸ್ಟನ್ ಉಂಗುರಗಳು ಆ ಗೀರುಗಳ ಚೂಪು ತುದಿಗಳನ್ನು ಉಜ್ಜಿ, ತಮ್ಮ ಅಂಚನ್ನೂ ಉಜ್ಜಿಕೊಂಡು, ಗೋಡೆಗೆ ಹೊಂದಿಕೊಳ್ಳಬೇಕು. ಅದಕ್ಕೆ ಏರಿಳಿಯುವ ವೇಗ ಒಳ್ಳೆಯದು, ಗಂಟೆಗಟ್ಟಲೆ ಒಂದೇ ವೇಗ ಒಳ್ಳೆಯದಲ್ಲ. ಐದನೇ ಗೇರಿನಲ್ಲಿ ಮೂವತ್ತರ ವೇಗದಲ್ಲಿ ಮುಲುಗಿಸುವುದಂತೂ ನಿಧಾನದ ಹೆಸರಿನಲ್ಲಿ ಕೊಡುವ ಹಿಂಸೆ. ಬ್ರೇಕಿನ ಪ್ಯಾಡುಗಳಿಗೂ ಡಿಸ್ಕಿಗೂ ಇದೇ ಹೊಂದಾಣಿಕೆ ಆಗಬೇಕು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಲೇಪದ ಉಳಿಕೆ ಇರುತ್ತದೆ, ಅದೂ ಕೆಲವು ನೂರು ಕಿಲೋಮೀಟರ್ ಸವೆದು ಹೋಗಬೇಕು. ಹೊಸ ಕಾರು ಮೊದಲ ವಾರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಎಂದು ನಂಬುವುದು ತಪ್ಪು.

ಹತ್ತು ಕುದುರೆ ಸಾಕು

ಕ್ಯಾಟಲಾಗಿನಲ್ಲಿ 80 ಅಶ್ವಶಕ್ತಿ ಎಂದಿರುತ್ತದೆ. ಇದರಲ್ಲಿ ನಿಮಗೆ ಬೇಕಾಗುವುದು ಎಷ್ಟು? ಜನರೂ ಸೇರಿ 1,100 ಕಿಲೋ ತೂಗುವ ಹ್ಯಾಚ್‌ಬ್ಯಾಕು ಸಮತಟ್ಟು ರಸ್ತೆಯಲ್ಲಿ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಟೈರು ಉರುಳಲು ತೋರುವ ಪ್ರತಿರೋಧ ಸುಮಾರು 130 ನ್ಯೂಟನ್, ಗಾಳಿಯದ್ದು ಸುಮಾರು 200. ಎರಡನ್ನೂ ಮೀರಲು ಚಕ್ರಕ್ಕೆ ತಲುಪಬೇಕಾದದ್ದು ಹತ್ತು ಅಶ್ವಶಕ್ತಿ ಮಾತ್ರ. ಉಳಿದ ಎಪ್ಪತ್ತು ಓವರ್‌ಟೇಕಿಗೆ, ಏರಿಗೆ ಮತ್ತು ಮಾತಿಗೆ.

ಟೈರಿನ ಪ್ರತಿರೋಧ ವೇಗ ಹೆಚ್ಚಿದರೂ ಅಷ್ಟಾಗಿ ಏರುವುದಿಲ್ಲ. ಗಾಳಿಯದ್ದು ವೇಗದ ವರ್ಗದಂತೆ ಏರುತ್ತದೆ. ಸುಮಾರು 60 ಕಿ.ಮೀ. ಆಸುಪಾಸಿನಲ್ಲಿ ಎರಡೂ ಸರಿಸಮ. ಅಲ್ಲಿಂದಾಚೆಗೆ ನೀವು ಪೆಟ್ರೋಲು ಸುಡುವುದು ಮುಖ್ಯವಾಗಿ ಗಾಳಿ ಸೀಳಲಿಕ್ಕೆ. ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಮಿತಿ 100. ಸುಮಾರು 120 ಕಿಲೋಮೀಟರಿನ ಈ ದಾರಿಯನ್ನು 80ರಲ್ಲಿ ಹೋದರೆ ಒಂದೂವರೆ ಗಂಟೆ, 100ರಲ್ಲಿ ಹೋದರೆ ಹದಿನೆಂಟು ನಿಮಿಷ ಉಳಿತಾಯ. ಆ ಹದಿನೆಂಟು ನಿಮಿಷಕ್ಕೆ ಪ್ರತಿ ಕಿಲೋಮೀಟರಿಗೂ ಮೂರನೇ ಒಂದು ಭಾಗದಷ್ಟು ಹೆಚ್ಚು ಶಕ್ತಿ ಬೇಕು, ಅಂದರೆ ಒಂದೂವರೆ ಲೀಟರಿನಷ್ಟು ಹೆಚ್ಚು ಪೆಟ್ರೋಲು. ಕೊಡುವುದೋ ಬಿಡುವುದೋ ನಿಮ್ಮಿಷ್ಟ.

ಇಲ್ಲಿ ಬೆಂಗಳೂರಿನವರು ತಿಳಿಯಬೇಕಾದ ಒಂದು ಸಣ್ಣ ಸಂಗತಿ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ಸುಮಾರು ಶೇ. 9ರಷ್ಟು ತೆಳು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು; ಒಂದು ಲೀಟರಿನ ಲೆಕ್ಕ ಹಿಡಿದರೆ ಒಂಬತ್ತು ಸಾವಿರ ಲೀಟರು ಗಾಳಿ. ಟರ್ಬೊ ಇಲ್ಲದ ಎಂಜಿನ್ ತನ್ನ ಉಸಿರಿಗೆ ಸಿಕ್ಕಷ್ಟನ್ನೇ ಸುಡಬಲ್ಲದು. ಹಾಗಾಗಿ ಮಂಗಳೂರಿನಲ್ಲಿ 80 ಅಶ್ವಶಕ್ತಿ ಕೊಡುವ ಕಾರು ಬೆಂಗಳೂರಿನಲ್ಲಿ ಪೂರಾ ಕಾಲೊತ್ತಿದರೂ 73ರ ಆಸುಪಾಸು. ಊಟಿಗೆ ಹೋದರೆ ಇನ್ನೂ ಕಡಿಮೆ. ಘಟ್ಟ ಇಳಿದ ಮೇಲೆ ಪಿಕಪ್ ಚೆನ್ನಾಗಿದೆ ಎನ್ನುವವರಿಗೆ ಭ್ರಮೆಯಾಗಿಲ್ಲ.

ಮೈಲೇಜಿನ ಜಗಳಕ್ಕೆ ಬರೋಣ. ಕ್ಯಾಟಲಾಗಿನ 22 ಅಥವಾ 24 ಎಂಬ ಅಂಕಿ ಸುಳ್ಳಲ್ಲ. ಅದು ನಮ್ಮ ರಸ್ತೆಯದ್ದಲ್ಲ, ಅಷ್ಟೆ. ಕಾರನ್ನು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಏರಿಳಿತದಂತೆ ಓಡಿಸಿ, ಎಸಿ ಹಾಕದೆ ಪಡೆದ ಫಲಿತಾಂಶ ಅದು. ಆ ಪರೀಕ್ಷೆಯಲ್ಲಿ ವೇಗ 90 ದಾಟುವುದಿಲ್ಲ. ಗಾಳಿಯಿಲ್ಲ, ಹಂಪಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ ಇಲ್ಲ. ಊರೊಳಗೆ ಒಮ್ಮೆ ನಿಂತು ಮತ್ತೆ 40ಕ್ಕೆ ಏರಿಸಿದರೆ ಎಂಟೊಂಬತ್ತು ಮಿಲಿಲೀಟರು ಪೆಟ್ರೋಲು ಹೋಯಿತು. ಮುಂದಿನ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದಾಗ ಅಷ್ಟೂ ಶ್ರಮ ಡಿಸ್ಕಿನ ಬಿಸಿಯಾಗಿ ಗಾಳಿಪಾಲು. ಹತ್ತು ಸಿಗ್ನಲ್ಲು, ಇಪ್ಪತ್ತು ಹಂಪು ಎಂದರೆ ಲೆಕ್ಕ ನೀವೇ ಹಾಕಬಹುದು. ಇದರ ಮೇಲೆ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ ಇರುವುದರಿಂದ, ಮಿಶ್ರಣದ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6-7ರಷ್ಟು ಶಕ್ತಿ ಕಡಿಮೆ. ಇದನ್ನು ಒಪ್ಪಿಕೊಳ್ಳಲು ಸರ್ಕಾರದ ಜಾಹೀರಾತುಗಳು ಹಿಂಜರಿಯಬಹುದು, ರಸಾಯನಶಾಸ್ತ್ರಕ್ಕೆ ಹಿಂಜರಿಕೆಯಿಲ್ಲ.

ಸ್ಪೀಡೋಮೀಟರನ್ನೂ ಪೂರ್ತಿ ನಂಬಬೇಡಿ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು, ತುಸು ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ಮುಳ್ಳು 100 ಎನ್ನುವಾಗ ಮೊಬೈಲಿನ ಜಿಪಿಎಸ್ 95 ಎನ್ನುವುದು ಅದಕ್ಕೇ.

ಹೊಸಬರನ್ನು ಹೆದರಿಸುವ ಇನ್ನೊಂದು ವಿಷಯ ನೀರು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಹನಿ ಹನಿ ನೀರು. ಮಧ್ಯಾಹ್ನ ಎಸಿ ಹಾಕಿ ನಿಲ್ಲಿಸಿದಾಗ ಕಾರಿನಡಿ ಪುಟ್ಟ ಕೊಳ. ಮೊದಲನೆಯದು ಪೆಟ್ರೋಲಿನಿಂದಲೇ ಹುಟ್ಟಿದ ನೀರು: ಅದರೊಳಗಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ, ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರ್ ನೀರು ತಯಾರಾಗುತ್ತದೆ. ಕೊಳವೆ ಬಿಸಿಯಾದ ಮೇಲೆ ಅದು ಆವಿಯಾಗಿ ಕಾಣದಂತೆ ಹೋಗುತ್ತದೆ, ತಣ್ಣಗಿರುವಾಗ ಹನಿಯಾಗುತ್ತದೆ. ಎರಡನೆಯದು ಕಾರಿನೊಳಗಿನ ಗಾಳಿಯ ತೇವ, ಎಸಿಯ ತಣ್ಣನೆ ಕೊಳವೆಗಳ ಮೇಲೆ ಇಳಿದದ್ದು. ಎರಡೂ ಆರೋಗ್ಯದ ಲಕ್ಷಣ. ಬಣ್ಣದ ದ್ರವ, ಜಿಡ್ಡು ಅಥವಾ ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಮೆಕ್ಯಾನಿಕ್.

ಎಸಿ ಗಾಳಿಯನ್ನು ಒಣಗಿಸುತ್ತದೆ ಎಂಬುದೇ ಮಳೆಗಾಲದ ಮಲೆನಾಡಿನಲ್ಲಿ ಉಪಯೋಗಕ್ಕೆ ಬರುವ ವಿಜ್ಞಾನ. ಗಾಜಿನ ಒಳಗೆ ಮಂಜು ಕವಿದರೆ ಎಸಿ ಹಾಕಿ, ಹೊರಗಾಳಿ ಬರುವಂತೆ ಬಿಟ್ಟು, ಗಾಜಿನ ಕಡೆಗೆ ಹರಿಸಿ; ಜೊತೆಗೆ ಬಿಸಿ ಮಾಡಿದರೂ ಸರಿ. ಕರಾವಳಿಯ ಸೆಕೆಯಲ್ಲಿ ಎಸಿ ಅತಿ ತಣ್ಣಗಿಟ್ಟರೆ ಮಂಜು ಗಾಜಿನ ಹೊರಮೈಯಲ್ಲಿ ಕೂರುತ್ತದೆ, ಅದಕ್ಕೆ ವೈಪರೇ ಮದ್ದು. ಒಳಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ ಐದು ಜನ ಗಂಟೆಗಟ್ಟಲೆ ಕೂತರೆ ಪುಟ್ಟ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಚಾಲಕನಿಗೆ ತೂಕಡಿಕೆ ಬರುತ್ತದೆ. ಸಣ್ಣ ಕಾರಿನಲ್ಲಿ ಗಾಳಿಯೂ ಸಣ್ಣದು. ಇನ್ನು ಹೊಸ ಕಾರಿನ ಆ ವಾಸನೆ. ಎಷ್ಟೋ ಜನಕ್ಕೆ ಇಷ್ಟ. ಪ್ಲಾಸ್ಟಿಕ್ಕು, ಅಂಟು, ಫೋಮುಗಳಿಂದ ಹೊಮ್ಮುವ ಆವಿಗಳವು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಹೆಚ್ಚು ಹೊಮ್ಮುತ್ತವೆ. ಮೊದಲ ಕೆಲವು ತಿಂಗಳು ಹತ್ತುವ ಮುಂಚೆ ಬಾಗಿಲು ತೆರೆದಿಡುವುದು ಒಳ್ಳೆಯದು.

ಅಂಗೈಯಷ್ಟು ನೆಲ

ಟೈರಿನ ಪಕ್ಕದ ಬರಹ ಓದಲು ಐದು ನಿಮಿಷ ಸಾಕು. 165/80 ಆರ್14 85ಟಿ ಎಂದಿದ್ದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಒಳಗಿನ ರಿಮ್ಮು 14 ಇಂಚು. 85 ಎಂದರೆ ಒಂದು ಟೈರು 515 ಕಿಲೋ ಹೊರಬಲ್ಲದು, ಟಿ ಎಂದರೆ 190 ಕಿ.ಮೀ. ವೇಗ ತಾಳಬಲ್ಲದು. ಪಕ್ಕದಲ್ಲೇ ನಾಲ್ಕಂಕಿಯ ಒಂದು ಸಂಖ್ಯೆ: 3224 ಎಂದಿದ್ದರೆ 2024ರ ಮೂವತ್ತೆರಡನೇ ವಾರ ತಯಾರಾದದ್ದು. ಹೊಸ ಕಾರಿಗೆ ಹಳೆ ಟೈರು ಬಂದಿದೆಯೇ ಎಂದು ತಿಳಿಯಲು ಇಷ್ಟು ಸಾಕು.

ಆದರೆ ನೆಲಕ್ಕೆ ತಾಗುವುದು ಎಷ್ಟು? ತೂಕವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಒಂದೊಂದು ಚಕ್ರದ ಮೇಲೆ 300 ಕಿಲೋ, ಗಾಳಿ 33 ಪಿಎಸ್ಐ ಇದ್ದರೆ ಸುಮಾರು 130 ಚದರ ಸೆಂಟಿಮೀಟರು. ಹೆಚ್ಚುಕಡಿಮೆ ಒಂದು ಅಂಗೈ. ಇಡೀ ಸಂಸಾರ ನಾಲ್ಕು ಅಂಗೈಗಳ ಮೇಲೆ ಘಾಟಿ ಇಳಿಯುತ್ತದೆ. ರಸ್ತೆಯಲ್ಲಿ ನೀರು ನಿಂತಿದ್ದಾಗ ಈ ಅಂಗೈ ನೆಲ ಬಿಟ್ಟು ನೀರಿನ ಮೇಲೆ ತೇಲಬಹುದು. ಯಾವ ವೇಗದಲ್ಲಿ ತೇಲುತ್ತದೆಂದು 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳಿಗಾಗಿ ಸೂತ್ರವೊಂದನ್ನು ಕಂಡುಕೊಂಡರು: ಅದು ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. ಆ ಸೂತ್ರದಂತೆ 33 ಪಿಎಸ್ಐಗೆ ಸುಮಾರು 95 ಕಿ.ಮೀ., 25ಕ್ಕೆ ಇಳಿದಿದ್ದರೆ 83. ಗಾಳಿ ಕಡಿಮೆ ಇದ್ದರೆ ಕಾರು ಮೆತ್ತಗೆ ಹೋಗುತ್ತದೆ ಎಂದು ಸುಮ್ಮನಿರುವವರು ಕರಾವಳಿಯ ಜುಲೈ ತಿಂಗಳನ್ನು ನೆನೆಯಬೇಕು.

ಗಾಳಿ ತುಂಬಿಸುವುದರಲ್ಲೂ ಘಟ್ಟದ ಆಟವಿದೆ. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಮಂಗಳೂರಿನಲ್ಲಿ 33 ತುಂಬಿಸಿ ಬೆಂಗಳೂರಿಗೆ ಬಂದರೆ ಹೊರಗಿನ ವಾತಾವರಣದ ಒತ್ತಡ ಸುಮಾರು 1.5 ಪಿಎಸ್ಐ ಇಳಿದಿರುತ್ತದೆ, ಗೇಜು ಅಷ್ಟೇ ಏರಬೇಕು. ಆದರೆ ಬೆಂಗಳೂರು ತಂಪು. ಉಷ್ಣತೆ ಆರು ಡಿಗ್ರಿ ಇಳಿದರೆ ಒತ್ತಡ ಒಂದು ಪಿಎಸ್ಐ ಇಳಿಯುತ್ತದೆ. ಒಂದನ್ನೊಂದು ಬಹುಪಾಲು ಕಳೆದು ಹಾಕುತ್ತವೆ. ಮುಂಜಾನೆ ಕಾರು ಓಡಿಸುವ ಮುಂಚೆ ಅಳೆಯಿರಿ, ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಅಂಕಿಗೆ ಹೊಂದಿಸಿ. ಬಂಕಿನ ಹುಡುಗ ಕೇಳದೆಯೇ 35 ತುಂಬಿದರೆ ಬೇಡವೆನ್ನಿ.

ಇನ್ನು ಇಳಿಜಾರು. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಕರಾವಳಿಯ ಬಯಲು ಮುಟ್ಟುವಷ್ಟರಲ್ಲಿ ಕಾರು ಸುಮಾರು 800 ಮೀಟರ್ ಕೆಳಗೆ ಬಂದಿರುತ್ತದೆ. 1,200 ಕಿಲೋ ತೂಕದ ಕಾರಿಗೆ ಇದು 94 ಲಕ್ಷ ಜೂಲ್ ಶಕ್ತಿ, 60 ಕಿ.ಮೀ. ವೇಗದಿಂದ ಐವತ್ತಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸಿದಷ್ಟು. ಎಲ್ಲವನ್ನೂ ಬ್ರೇಕಿಗೇ ಹೊರಿಸಿದರೆ ಡಿಸ್ಕು ಕಾಯುತ್ತದೆ, ಅದರ ಬಿಸಿ ಬ್ರೇಕ್ ದ್ರವಕ್ಕೆ ಹೋಗುತ್ತದೆ. ಡಾಟ್ 3 ದ್ರವ ಹೊಸದರಲ್ಲಿ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ, ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಗುಳ್ಳೆ, ಗುಳ್ಳೆ ಅದುಮಿದರೆ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿಯಿರಿ ಎಂಬ ಹಳೇ ಡ್ರೈವರುಗಳ ಮಾತು ಇಂದಿಗೂ ಸರಿ.

ಅವರ ಇನ್ನೊಂದು ಮಾತು ಮಾತ್ರ ಹಳಸಿದೆ: ನ್ಯೂಟ್ರಲ್‌ಗೆ ಹಾಕಿ ಇಳಿಸಿದರೆ ಪೆಟ್ರೋಲು ಉಳಿಯುತ್ತದೆ ಎಂಬುದು. ಕಾರ್ಬ್ಯುರೇಟರಿನ ಕಾಲದಲ್ಲಿ ಅದರಲ್ಲಿ ಹುರುಳಿತ್ತು. ಈಗಿನ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಬದುಕಲು ಮತ್ತೆ ಪೆಟ್ರೋಲು ಸುಡಬೇಕು. ಇಳಿಜಾರಿನಲ್ಲಿ ಮೈಲೇಜಿನ ಪರದೆ ಗರಿಷ್ಠ ಅಂಕಿಗೆ ಹೋಗಿ ನಿಲ್ಲುವುದನ್ನು ನೋಡಿದ್ದರೆ, ಕಾರಣ ಇದೇ.

ಗಿಡ್ಡ ಮೂಗು

ಎಲ್ಲಕ್ಕಿಂತ ದೊಡ್ಡ ರಾಜಿಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ನಾಲ್ಕು ಮೀಟರಿನಲ್ಲಿ ಜನರಿಗೆ ಜಾಗ ಕೊಡಬೇಕೆಂದರೆ ಬಾನೆಟ್ ಗಿಡ್ಡವಾಗಬೇಕು. ಬಾನೆಟ್ಟಿನ ಒಳಗಿರುವುದು ಎಂಜಿನ್ ಮಾತ್ರವಲ್ಲ, ಅಪ್ಪಳಿಸಿದಾಗ ನಜ್ಜುಗುಜ್ಜಾಗಿ ನಮ್ಮನ್ನು ಉಳಿಸುವ ದೂರವೂ ಹೌದು. ಕಾರು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಮರ್ಸಿಡಿಸ್ ಕಂಪನಿಯ ಬೇಲಾ ಬಾರೆನ್ಯಿ 1950ರ ದಶಕದ ಮೊದಲಲ್ಲೇ ತಲೆಕೆಳಗು ಮಾಡಿದ್ದ: ಕೂರುವ ಕೋಣೆ ಗಟ್ಟಿಯಿರಲಿ, ಮುಂದೆ ಹಿಂದೆ ಮೆತ್ತಗಿರಲಿ ಎಂಬುದು ಆತನ ಪೇಟೆಂಟಿನ ಸಾರ. ಬಂಪರು ಮುಟ್ಟಿದರೆ ಒಳಗೆ ಹೋಗುತ್ತದೆ, ತಗಡು ತೆಳು ಎಂದು ಹೊಸ ಕಾರನ್ನು ತಟ್ಟಿ ಗೊಣಗುವ ಹಿರಿಯರಿಗೆ ಇದನ್ನು ಹೇಳಿ.

ಲೆಕ್ಕ ಸುಲಭ. 50 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿದು ಮೂಗು ಅರ್ಧ ಮೀಟರ್ ಕುಗ್ಗಿದರೆ ಒಳಗಿನವರು ಗುರುತ್ವದ ಇಪ್ಪತ್ತು ಪಟ್ಟು ಹಿಂದೆಳೆತ ಅನುಭವಿಸುತ್ತಾರೆ. ಕ್ಷಣಕಾಲ 60 ಕಿಲೋ ಮನುಷ್ಯ 1,200 ಕಿಲೋ ಆಗುತ್ತಾನೆ. ಮುಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲಿರುವ ಹತ್ತು ಕಿಲೋ ಮಗು 200 ಕಿಲೋ ಆಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು, ಅಲ್ಲಿ ಪ್ರೀತಿಯ ಪ್ರಶ್ನೆಯೇ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತವರು ಅದೇ 1,200 ಕಿಲೋ ಆಗಿ ಮುಂದಿನವರ ಬೆನ್ನಿಗೆ ಬಂದು ಬೀಳುತ್ತಾರೆ. ಏರ್‌ಬ್ಯಾಗು ಇದೆಯಲ್ಲ ಎನ್ನಬೇಡಿ. ಸೆಕೆಂಡಿನ ಮೂವತ್ತರಲ್ಲೊಂದು ಭಾಗದಲ್ಲಿ ಉಬ್ಬುವ ಆ ಚೀಲ ಬೆಲ್ಟು ಕಟ್ಟಿದ ದೇಹಕ್ಕೆಂದು ಅಳತೆ ಮಾಡಿ ಇಟ್ಟದ್ದು. ಕಟ್ಟದ ದೇಹಕ್ಕೆ ಅದೇ ಗುದ್ದಾಗುತ್ತದೆ. ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುವಿನ ಬೆಲ್ಟಿಗಿಂತ ಹೆಚ್ಚು ಜೀವ ಉಳಿಸಿದ ಬಿಡಿಭಾಗ ಕಾರಿನಲ್ಲಿ ಇನ್ನೊಂದಿಲ್ಲ.

ಕಾರಿನ ಸುರಕ್ಷತೆಗೆ ಕೊಡುವ ಸ್ಟಾರುಗಳ ವಿಷಯಕ್ಕೂ ಒಂದು ಮಾತು. 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ಕುಗ್ಗುವ ತಡೆಯೊಂದಕ್ಕೆ ಗುದ್ದಿಸುತ್ತಾರೆ. ಕಾರು ತನ್ನ ತೂಕದ ಆಘಾತವನ್ನು ತಾನು ತಾಳಬಲ್ಲದೇ ಎಂಬ ಪರೀಕ್ಷೆ ಅದು. ರಸ್ತೆಯಲ್ಲಿ ಎದುರಿಗೆ ಬರುವುದು ತಡೆಗೋಡೆಯಲ್ಲ. 900 ಕಿಲೋ ಕಾರೂ 1,800 ಕಿಲೋ ಎಸ್‌ಯುವಿಯೂ ತಲಾ 50ರ ವೇಗದಲ್ಲಿ ಮುಖಾಮುಖಿಯಾಗಿ ಒಂದಕ್ಕೊಂದು ಕಚ್ಚಿಕೊಂಡರೆ, ಎರಡೂ ಸೇರಿ ಎಸ್‌ಯುವಿಯ ದಿಕ್ಕಿನಲ್ಲಿ ಸುಮಾರು 17ರ ವೇಗದಲ್ಲಿ ಸಾಗುತ್ತವೆ. ಎಸ್‌ಯುವಿಯವರ ವೇಗ ಬದಲಾದದ್ದು 33, ನಿಮ್ಮದು 67. ಸಣ್ಣ ಕಾರಿನ ಐದು ಸ್ಟಾರು ದೊಡ್ಡ ಕಾರಿನ ಐದು ಸ್ಟಾರಿಗೆ ಸಮನಲ್ಲ. ಇದು ಕಂಪನಿಯ ಮೋಸವಲ್ಲ, ನ್ಯೂಟನ್ನನ ನಿಯಮ. ಹಾಗಂತ ಎಲ್ಲರೂ ದೊಡ್ಡ ಕಾರು ಕೊಂಡರೆ ಸ್ಕೂಟರಿನವರ, ನಡೆಯುವವರ ಗತಿಯೇನು? ಊರಿಗೆ ಸಣ್ಣ ಕಾರೇ ಸರಿ ಎಂದು ನನ್ನ ತೀರ್ಮಾನ, ಅದರ ಮಿತಿ ತಿಳಿದು ಓಡಿಸಿದರೆ.

ಈಗ ಒಂದು ಕೆಲಸ ಮಾಡಿ. ಹೊಸ ಕಾರಿಗೆ ಮೊದಲು ಹೊಲಿಸುವುದು ಸೀಟು ಕವರು. ಅದು ಹಿಂದಿನ ಬೆಲ್ಟಿನ ಕೊಂಡಿಗಳನ್ನು ಮುಚ್ಚಿ ಹಾಕಿದೆಯೇ ನೋಡಿ; ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗಿದ್ದರೆ ಆ ಹೊಲಿಗೆ ಬಿಚ್ಚಿಕೊಳ್ಳುವಂಥ ಕವರೇ ಎಂದು ಕೇಳಿ. ಕೊಂಡಿಗಳು ಒಳಗೆ ಹೂತಿದ್ದರೆ ಇವತ್ತೇ ಹೊರಗೆ ತೆಗೆದಿಡಿ. ಹಿಂದೆ ಕೂತವರೂ ಬೆಲ್ಟು ಕಟ್ಟುವುದು ಕಾನೂನಿನ ಪ್ರಕಾರ ಕಡ್ಡಾಯ.